ಒರತೆಗುಡ್ಡ ಬಂದ ದಿನ

ಮಳೆಗಾಲದಲ್ಲಿ ನಮ್ಮೂರಿಗೆ ರಜೆ ಕಳೆಯಲು ಬರುವವರ ಫೋನಿಗೆ ಉತ್ತರ ಕೊಡುವುದು ನನ್ನ ಕೆಲಸ. ಬಸ್ ನಿಲ್ದಾಣದ ಪಕ್ಕದಲ್ಲಿ ಪುರಸಭೆಯವರು ಕಟ್ಟಿಸಿದ ಒಂದು ಕೋಣೆ ಇದೆ. ಹೊರಗೆ ‘ಪ್ರವಾಸಿಗರಿಗೆ ಮಾಹಿತಿ’ ಎಂಬ ಬೋರ್ಡು, ಒಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಫೋನು. ಗೋಡೆಯ ಮೇಲೆ ನಕ್ಷೆ ಇಲ್ಲ. ಇದ್ದ ಒಂದನ್ನು ನನಗಿಂತ ಮೊದಲು ಇಲ್ಲಿ ಕೂರುತ್ತಿದ್ದ ಶೇಷಾದ್ರಿಗಳು ಒಂದು ಜುಲೈಯಲ್ಲಿ ಕೆಳಗಿಳಿಸಿ, ನಾಲ್ಕು ಮಡಿಕೆ ಮಾಡಿ, ಇರಚಲು ಹೊಡೆಯುವ ಕಿಟಕಿಯ ಸಂದಿಗೆ ತುರುಕಿಬಿಟ್ಟರಂತೆ. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಮಳೆ ಹಿಡಿಯಿತೆಂದರೆ ಗುಡ್ಡಗಳು ಜಾಗ ಬದಲಿಸುತ್ತವೆ. ಸದ್ದಿರುವುದಿಲ್ಲ, ನೆಲ ನಡುಗುವುದಿಲ್ಲ. ಹೆಚ್ಚಾಗಿ ನಾವೆಲ್ಲ ನಿದ್ದೆಯಲ್ಲಿರುವಾಗ, ಕೆಲವೊಮ್ಮೆ ಹಗಲಲ್ಲೇ ಮಂಜು ಕವಿದಾಗ. ನಿನ್ನೆ ಅಂಚೆ ಕಚೇರಿಯ ಹಿಂದೆ ಇದ್ದ ಹಾಲುಬಂಡೆ ಗುಡ್ಡ ಇವತ್ತು ಎಲ್ಲೋ ದೂರದಲ್ಲಿ ನೀಲಿಯಾಗಿ ಕಾಣುತ್ತದೆ; ಅದರ ಜಾಗದಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಅದಕ್ಕೆ ಊರು ಒಗ್ಗಿಕೊಂಡಿದೆ. ಬಸ್ಸಿನ ಡ್ರೈವರು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ವಿಚಾರಿಸಿಕೊಂಡೇ ಎಂಜಿನ್ ಚಾಲೂ ಮಾಡುತ್ತಾನೆ. ಅಂಚೆಯವನು ಯಾವ ಗುಡ್ಡ ಬಂದಿದೆಯೋ ಆ ಗುಡ್ಡದ ಕಾಗದಗಳನ್ನಷ್ಟೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮಗಳನ್ನು ಗುಡ್ಡದ ಮೇಲಿನ ಹಳ್ಳಿಗೆ ಕೊಟ್ಟ ತಾಯಂದಿರು ಬಾಗಿಲು ತೆರೆದಾಗ ಆ ಗುಡ್ಡವೇ ಎದುರು ಕಂಡರೆ, ಹಾಗೇ ಒಳಗೆ ಓಡಿ ಕಡುಬಿಗೆ ಅಕ್ಕಿ ರುಬ್ಬಲು ಕೂರುತ್ತಾರೆ.

ಆದರೆ ಯಾರಾದರೂ ಹೊರಗೆ ನಿಂತು ಒಂದೇ ಮನಸ್ಸಿನಿಂದ ಕಣ್ಣಿಟ್ಟು ನೋಡುತ್ತಿದ್ದರೆ ಗುಡ್ಡ ಕದಲುವುದಿಲ್ಲ. ‘ಗುಡ್ಡ ಹಿಡಿಯುವುದು’ ಎಂದು ನಾವು ಅದನ್ನು ಕರೆಯುತ್ತೇವೆ. ಯಾರಾದರೂ ಮೇಲೆ ಹೋಗಿದ್ದರೆ ಅವರು ಇಳಿದು ಬರುವವರೆಗೆ ಕೆಳಗೆ ಒಬ್ಬರು ಹಿಡಿದಿರಬೇಕು. ಗುಡ್ಡದ ಮೇಲೆ ಕಾಲಿಟ್ಟವರು ನೋಡಿದರೆ ಲೆಕ್ಕಕ್ಕಿಲ್ಲ. ಒಮ್ಮೆ ದನದ ಡಾಕ್ಟರೊಬ್ಬರು ಬೆಳಿಗ್ಗೆ ಒಂಬತ್ತಕ್ಕೆ ಕರು ನೋಡಲು ಹತ್ತಿದ್ದರು. ಕೆಳಗೆ ಹಿಡಿದು ಕೂತವನು ಯಾರದೋ ಜಗಳ ಬಿಡಿಸಲು ಎದ್ದು ಹೋದ. ಡಾಕ್ಟರು ಹನ್ನೊಂದು ದಿನದ ಮೇಲೆ, ಗಡ್ಡ ಬಿಟ್ಟುಕೊಂಡು, ಬೇರೆ ಯಾರದೋ ಚಪ್ಪಲಿ ಹಾಕಿಕೊಂಡು ಊರು ಸೇರಿದರು.

ಮಹಾನಂದಾ ಟೀಚರ್ ಫೋನು ಮಾಡಿದ್ದು ಜೂನ್ ಕೊನೆಯಲ್ಲಿ.

“ಹಲೋ, ಪ್ರವಾಸಿ ಮಾಹಿತಿ ಕೊಡೋರು ನೀವೇನ್ರೀ? ನಾ ಮಹಾನಂದಾ ಅಂತ. ಹೈಸ್ಕೂಲಿನ್ಯಾಗ ಭೂಗೋಳ ಕಲಿಸ್ತಿದ್ದೆ, ಈಗ ರಿಟೈರ್ ಆಗೀನಿ. ಜುಲೈದಾಗ ನಾಕು ದಿನ ನಿಮ್ಮ ಕಡೆ ಬರಬೇಕಂತ ಮಾಡೀನಿ. ಯಾವ ದಿನ ಯಾವ ಗುಡ್ಡ, ಎಷ್ಟು ಕಿಲೋಮೀಟರು, ಎಲ್ಲಾ ಬರದು ಕಳಸ್ರಿ.”

“ಅದನ್ನ ಮೊದಲೇ ಹೇಳೋಕೆ ಬರಲ್ಲ ಮೇಡಂ. ಯಾವ ಗುಡ್ಡ ಎಲ್ಲಿದೆ ಅಂತ ಅವತ್ತು ಬೆಳಿಗ್ಗೆ ಎದ್ದ ಮೇಲೇ ಗೊತ್ತಾಗೋದು.”

ಈ ಮಾತಿಗೆ ಜನ ಸಾಮಾನ್ಯವಾಗಿ ನಗುತ್ತಾರೆ, ಇಲ್ಲವೇ ಫೋನಿಡುತ್ತಾರೆ. ಆಕೆ ಎರಡೂ ಮಾಡದೆ ಕೇಳಿದರು, “ದಿಕ್ಕು?”

“ದಿಕ್ಕು ಇದ್ದಲ್ಲೇ ಇರುತ್ತೆ.”

“ಅಷ್ಟಿದ್ರ ಸಾಕು ಬಿಡ್ರಿ,” ಎಂದರು.

ಆಮೇಲೆ ತಮಗೆ ಬೇಕಾದ್ದನ್ನು ಹೇಳಿದರು. ಅವರದು ಬಯಲುಸೀಮೆಯ ಒಂದು ಊರು. ನಮ್ಮ ಗುಡ್ಡಗಳಲ್ಲೊಂದರಲ್ಲಿ ಹುಟ್ಟುವ ನದಿ ಏಳು ದಿನದ ದಾರಿ ಹರಿದು ಅವರ ಊರ ಮುಂದೆ ಹಾಯುತ್ತದೆ. “ಮೂವತ್ನಾಕು ವರ್ಷ ಬೋರ್ಡಿನ ಮ್ಯಾಲ ಆ ನದಿ ಚಿತ್ರ ಬರದೀನಿ. ಮೊದಲ ಒಂದು ಚುಕ್ಕಿ ಇಡ್ತಿದ್ದೆ, ಇದು ಉಗಮ ಅಂತ. ಅಲ್ಲಿಂದ ಗೆರಿ ಎಳೀತಿದ್ದೆ. ಆ ಚುಕ್ಕಿ ಒಂದು ಸಲ ಕಣ್ಣಿಂದ ನೋಡಬೇಕಾಗೈತಿ. ಮೊಣಕಾಲು ಸುಮಾರು ಅದಾವ, ಅದೊಂದು ಹೇಳಿರ್ತೀನಿ.”

ಆ ಒರತೆ ಇರುವುದು ಒರತೆಗುಡ್ಡದಲ್ಲಿ. ಅದು ನಮ್ಮೂರಿನ ಹತ್ತಿರ ಬರುವುದೇ ಅಪರೂಪ. ದೂರದಲ್ಲಿದ್ದಾಗ ಅದರ ಬುಡಕ್ಕೆ ಎರಡು ದಿನದ ನಡಿಗೆ. ನಾನು ಇದನ್ನೆಲ್ಲ ಹೇಳಿದೆ. “ಬರಲಿಲ್ಲಂದ್ರ ಬ್ಯಾರೆ ಗುಡ್ಡ ನೋಡಿದ್ರಾತು,” ಎಂದರು. ಆದರೆ ಆ ಮಾತಿನ ಕೊನೆಯಲ್ಲಿ ಅವರ ದನಿ ಸ್ವಲ್ಪ ಇಳಿದಿದ್ದು ನನಗೆ ಕೇಳಿಸಿತು.

ಜುಲೈ ಎರಡನೆಯ ವಾರ, ಮಧ್ಯಾಹ್ನದ ಬಸ್ಸಿನಿಂದ ಇಳಿದರು. ಅರವತ್ತು ದಾಟಿದ, ಕುಳ್ಳಗಿನ, ಗಟ್ಟಿ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ರೇನ್‌ಕೋಟು, ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು, ಕೈಯಲ್ಲಿ ಬೆತ್ತ. ಇಳಿದವರು ಸಾಮಾನು ಕೂಡ ನೋಡದೆ ತಲೆಯೆತ್ತಿ, ಮುಖಕ್ಕೆ ಮಳೆ ಬೀಳಿಸಿಕೊಂಡು ನಿಂತರು. “ತಂಗಿ, ಇದು ಯಾವಾಗಿಂದ ಹಿಂಗ ಬರಾಕತ್ತೈತಿ?” ಎಂದು ಕೇಳಿದರು.

“ಹದಿನಾಲ್ಕು ದಿನ ಆಯ್ತು ಟೀಚರ್.”

“ಒಂದ ಮಳಿ, ಹದಿನಾಕು ದಿನ!” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರೂರಿನಲ್ಲಿ ಆ ವರ್ಷ ಮಳೆಯಾದದ್ದು ಎರಡೇ ಸಲವಂತೆ.

ಒಂದು ಪುಟ್ಟ ಪೆಟ್ಟಿಗೆಯನ್ನು ಮಾತ್ರ ಅವರು ಯಾರ ಕೈಗೂ ಕೊಡಲಿಲ್ಲ. ಅದರಲ್ಲಿ ಇನ್ಸುಲಿನ್ ಇತ್ತು. ಬೆಳಿಗ್ಗೆ ತಿಂಡಿಗೆ ಮೊದಲು ಒಂದು, ಸಂಜೆ ಊಟಕ್ಕೆ ಮೊದಲು ಒಂದು ತಪ್ಪದೆ ಚುಚ್ಚಿಕೊಳ್ಳಬೇಕು. ಲಾಡ್ಜಿನ ಫ್ರಿಜ್ಜಿನಲ್ಲಿ ಅದನ್ನು ತಾವೇ ಇಟ್ಟು, ಬಾಗಿಲು ಸರಿಯಾಗಿ ಮುಚ್ಚಿತೋ ಎಂದು ಎರಡು ಸಲ ತಳ್ಳಿ ನೋಡಿದರು.

ಅವರಿಗೆ ಜೊತೆಯಾಗಿ ನಾನು ಗೊತ್ತು ಮಾಡಿದ್ದು ಹೂವಕ್ಕನನ್ನು. ಹೂವಕ್ಕ ಪುರಸಭೆಯಲ್ಲಿ ದಾರಿ ಸವರುವ ಕೆಲಸದವಳು. ಬೆಳಕು ಹರಿಯುವ ಮೊದಲೇ ಕತ್ತಿ ಹಿಡಿದು ಹೊರಟು, ಯಾವ ಗುಡ್ಡ ಬಂದಿದೆ, ಅದರ ಕಾಲುದಾರಿ ಎಲ್ಲಿ ಬಂದು ಮುಟ್ಟಿದೆ ಎಂದು ನೋಡಿ, ಬುಡದಲ್ಲಿ ಅಡ್ಡ ಬಂದ ಮುಳ್ಳು ಕಡಿದು ಬರುತ್ತಾಳೆ. ಐವತ್ತೈದರ ಮೇಲಿನ ವಯಸ್ಸು, ಒಣಗಿದ ಬೇರಿನಂಥ ಮೈ, ಮಾತು ಬಹಳ ಕಮ್ಮಿ. ಗುಡ್ಡ ಹಿಡಿಯುವುದರಲ್ಲಿ ಅವಳಷ್ಟು ಗಟ್ಟಿಗರು ನಮ್ಮೂರಲ್ಲಿ ಇನ್ನೊಬ್ಬರಿಲ್ಲ. ನಾನು ಅರ್ಧ ಗಂಟೆ ಹಿಡಿದರೆ ಮನಸ್ಸು ಒಲೆಯ ಮೇಲಿನ ಹಾಲಿಗೆ ಓಡುತ್ತದೆ. ಅವಳು ಮದುವೆ ದಿಬ್ಬಣವೊಂದು ಹತ್ತಿ, ಉಂಡು, ಇಳಿಯುವವರೆಗೂ ಒಬ್ಬಳೇ ಹಿಡಿದದ್ದನ್ನು ನಾನು ನೋಡಿದ್ದೇನೆ.

ಮೊದಲ ಎರಡು ದಿನ ಟೀಚರ್ ಸಿಕ್ಕಿದ್ದನ್ನೆಲ್ಲ ನೋಡಿದರು. ಹತ್ತಿರ ಬಂದಿದ್ದ ಗುಡ್ಡದ ಬುಡದ ಜಲಪಾತಕ್ಕೆ ಹೋಗಿ ಒಂದು ತಾಸು ಬಾಯಿ ತೆರೆದು ನಿಂತರು. ಬಂಡೆಯ ಮೇಲಿನ ಪಾಚಿಯನ್ನು ಬೆಕ್ಕಿನ ಬೆನ್ನು ಸವರಿದ ಹಾಗೆ ಸವರಿದರು. ಕಾಲಿಗೆ ಕಚ್ಚಿದ ಜಿಗಣೆಯನ್ನು ಹೂವಕ್ಕ ಸುಣ್ಣ ಹಚ್ಚಿ ಉದುರಿಸುವಾಗ, “ತಡಿಯಕ್ಕಾ, ಒಂದಷ್ಟು ನೋಡ್ತೀನಿ,” ಎಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹೂವಕ್ಕನಿಗೆ ನಗು ಬಂತು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ.

ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಹೂವಕ್ಕ ನನ್ನ ಮನೆ ಬಾಗಿಲು ಬಡಿದಳು.

“ವಸು, ಒರತೆಗುಡ್ಡ ಬಂದದೆ.”

ನಾನು ಹಲ್ಲುಜ್ಜುತ್ತಿದ್ದವಳು ಹಾಗೇ ಹೊರಗೆ ಬಂದೆ. ಊರ ಹಳ್ಳದಾಚೆ, ಆಸ್ಪತ್ರೆಯ ಹಿಂದೆ, ಅದು ಕಪ್ಪು ಹಸಿರಾಗಿ ಎದ್ದು ನಿಂತಿತ್ತು. ಆರು ವರ್ಷದ ಮೇಲೆ ಬಂದಿತ್ತು.

ಲಾಡ್ಜಿನ ಜಗಲಿಯಲ್ಲಿ ನಾವು ಮೂವರೂ ನಿಂತು ಲೆಕ್ಕ ಹಾಕಿದೆವು. ನಮ್ಮಂಥವರಿಗೆ ಹತ್ತಲು ಮೂರು ತಾಸು ಸಾಕು. ಟೀಚರ್ ಮೊಣಕಾಲಿಗೆ ಐದಾದರೂ ಬೇಕು. ಇಳಿಯಲು ಇನ್ನೊಂದು ನಾಲ್ಕು. ಅಷ್ಟು ಹೊತ್ತು ಗುಡ್ಡ ಹಿಡಿಯಬೇಕು.

“ಅದು ನಂಗೆ ಬಿಡಿ,” ಎಂದಳು ಹೂವಕ್ಕ. “ಅಮ್ಮನ ಸಂಗ್ತಿ ನೀನು ಹೋಗು. ಸಲೀಂ ಟೇಲರಿಗೂ ಹೇಳ್ತೆ. ಇಬ್ಬರು ಸಾಕು.”

ಟೀಚರ್ ಅವಳನ್ನೇ ನೋಡಿದರು. “ಅಕ್ಕಾ, ಇಡೀ ದಿನ? ನನ್ನ ಸಲುವಾಗಿ?”

“ಬಂದದ್ದು ಬಂದದೆ. ಇನ್ಯಾವಾಗ ಬರ್ತದೋ ಎಂತದೋ. ಹೊರಡಿ ಹೊರಡಿ,” ಎಂದು ಹೂವಕ್ಕ ಅವರ ಬೂಟಿನ ಸುತ್ತ ಜಿಗಣೆ ಹತ್ತದಂತೆ ಹೊಗೆಸೊಪ್ಪಿನ ಪುಡಿ ಉದುರಿಸಿದಳು.

ಟೀಚರ್ ಬೆಳಗಿನ ಸೂಜಿ ಚುಚ್ಚಿಕೊಂಡು, ಎರಡು ಜೋಳದ ರೊಟ್ಟಿ ಕಟ್ಟಿಕೊಂಡರು. ಸಂಜೆಯ ಔಷಧಿ ಫ್ರಿಜ್ಜಿನಲ್ಲೇ ಉಳಿಯಿತು. ಏಳೂವರೆಗೆ ನಾವು ಹಳ್ಳದ ಕಲ್ಲುಗಳ ಮೇಲೆ ಕಾಲಿಟ್ಟು ಆಚೆ ದಡಕ್ಕೆ ಹೋದೆವು. ತಿರುಗಿ ನೋಡಿದಾಗ ಹೂವಕ್ಕ ಆಸ್ಪತ್ರೆಯ ಕಟ್ಟೆಯ ಮೇಲೆ, ಕೊಡೆ ಬಿಚ್ಚಿಕೊಂಡು, ನಮ್ಮ ಕಡೆಗಲ್ಲ, ನಮ್ಮ ತಲೆಯ ಮೇಲಿನ ಗುಡ್ಡದ ಕಡೆ ಕಣ್ಣಿಟ್ಟು ಕೂತಿದ್ದಳು.

ಆ ಹತ್ತುವಿಕೆಯನ್ನು ನಾನು ಮರೆಯಲಾರೆ. ಹತ್ತು ಹೆಜ್ಜೆ ಇಟ್ಟು ಟೀಚರ್ ನಿಲ್ಲುವರು, ಬೆತ್ತಕ್ಕೆ ಒರಗಿ ಉಸಿರು ಬಿಡುವರು, ಮತ್ತೆ ಹತ್ತು ಹೆಜ್ಜೆ. ನಿಂತಾಗಲೆಲ್ಲ ಏನಾದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಮರದ ಮೈತುಂಬ ಕಿವಿಯಂತೆ ಅರಳಿದ ಅಣಬೆ, ಎಲೆಯ ತುದಿಯಲ್ಲಿ ಮಳೆಹನಿಯೇ ಅಂಟಿಕೊಂಡಂತೆ ಕೂತ ಹಸಿರು ಕಪ್ಪೆ. ಎಷ್ಟೋ ಸಲ ಈ ದಾರಿಯ ಬಗ್ಗೆ ಫೋನಿನಲ್ಲಿ ಬಣ್ಣಿಸಿದ ನಾನು, ಇದನ್ನೆಲ್ಲ ಅವತ್ತೇ ಮೊದಲ ಸಲ ನೋಡಿದಂತಿತ್ತು. ಕಾಡು ದಾಟಿ ಹುಲ್ಲಿನ ಇಳಿಜಾರು ಬಂದಾಗ ಅವರು ನೆಲಕ್ಕೆ ಬೆತ್ತ ಊರಿದರು. ಊರಿದ ತೂತಿನಲ್ಲಿ ನೀರು ತುಂಬಿಕೊಂಡಿತು.

“ನೋಡು ತಂಗಿ! ಹುಲ್ಲು ನೀರು ಹಿಡಕೊಂಡು ಕುಂತೈತಿ. ‘ಹುಲ್ಲುಗಾವಲು ಸ್ಪಂಜಿನಂತೆ ನೀರನ್ನು ಹೀರಿಡುತ್ತದೆ’ ಅಂತ ಪುಸ್ತಕದಾಗ ಒಂದ ಸಾಲು ಇತ್ತು. ನಾ ಅದನ್ನ ಓದಿ ಮುಂದಿನ ಸಾಲಿಗೆ ಹೋಗಿಬಿಡ್ತಿದ್ದೆ.”

ಹನ್ನೆರಡರ ಸುಮಾರಿಗೆ ಮಂಜು ಬಂತು. ಕೆಳಗಿನ ಕಣಿವೆಯಿಂದ ಎದ್ದು, ಮೊದಲು ಹಳ್ಳ, ಆಮೇಲೆ ಆಸ್ಪತ್ರೆ, ಆಮೇಲೆ ಊರಿನ ಹೆಂಚುಗಳನ್ನು ಒಂದೊಂದಾಗಿ ನುಂಗಿತು. ನಾನು ನೋಡುತ್ತಿದ್ದಂತೆ ಕೆಳಗೆ ಬಿಳಿಯಲ್ಲದೆ ಏನೂ ಉಳಿಯಲಿಲ್ಲ. ನಮಗೆ ಊರು ಕಾಣುತ್ತಿಲ್ಲವೆಂದರೆ ಊರಿಗೂ ನಾವು ಕಾಣುವುದಿಲ್ಲ. ಗುಡ್ಡವನ್ನು ಹಿಡಿದವರು ಯಾರೂ ಇಲ್ಲ.

ನನ್ನ ಕಣ್ಣ ಮುಂದೆ ಬಂದದ್ದು ಆ ಫ್ರಿಜ್ಜು. ಈ ಗುಡ್ಡ ಈಗ ಹೊರಟರೆ, ನಾವು ಇಳಿಯುವುದು ಯಾವ ಕಾಡಿಗೋ, ಯಾವ ಊರಿನಿಂದ ಎಷ್ಟು ದಿನದ ದೂರಕ್ಕೋ. ನನಗೇನೋ ಹನ್ನೊಂದು ದಿನದ ಮೇಲೆ ಮನೆ ಸಿಕ್ಕೀತು. ಟೀಚರಿಗೆ ಎರಡನೆಯ ದಿನವೇ ಕಷ್ಟ.

ಮುಚ್ಚಿಡದೆ ಎಲ್ಲವನ್ನೂ ಹೇಳಿದೆ.

ಅವರು ಮೇಲೆ ನೋಡಿದರು. “ಇನ್ನ ಎಷ್ಟು ದೂರ ಐತಿ?”

“ಅರ್ಧ ತಾಸು.”

ಅವರು ಬೆತ್ತದ ಹಿಡಿಯ ಮೇಲೆ ಗಲ್ಲವಿಟ್ಟು ಒಂದು ಕ್ಷಣ ನಿಂತರು. ಆಮೇಲೆ, “ನಡಿ, ಇಳಿಯೂಣು,” ಎಂದರು. “ನನ್ನ ಆಶಾದ ಸಲುವಾಗಿ ನಿನ್ನನ್ನ ಯಾವ ಅಡವ್ಯಾಗರ ಕೆಡವಿದ್ರ ಹ್ಯಾಂಗ? ಮನ್ಯಾಗ ನಿನ್ನ ಹಾದಿ ನೋಡೋರು ಇರ್ತಾರ. ಇಷ್ಟು ದೂರ ಬಂದೆನಲ್ಲ, ಬೇಕಾದಷ್ಟಾತು.” ಅಳು ಇರಲಿಲ್ಲ, ಸಿಟ್ಟಿರಲಿಲ್ಲ. ಮೂವತ್ತನಾಲ್ಕು ವರ್ಷದ ಆಸೆಯನ್ನು ಕೊಡೆ ಮಡಚಿದಷ್ಟು ಸಲೀಸಾಗಿ ಮಡಚಿ ಇಳಿಯಲು ತಿರುಗಿಯೇ ಬಿಟ್ಟರು.

ಆಗ ನನಗೆ ಏನಾಯಿತೋ ಹೇಳಲಾರೆ. ಹೂವಕ್ಕ ಕಟ್ಟೆಯ ಮೇಲೆ ಕೂತಿದ್ದ ರೀತಿ ನೆನಪಾಯಿತು. ಮಂಜು ಬಂತೆಂದು ಅವಳು ಎದ್ದು ಮನೆಗೆ ಹೋಗುವವಳೇ? ಏನು ಮಾಡುತ್ತಾಳೋ ನನಗೆ ತಿಳಿಯದು, ಆದರೆ ಏನಾದರೂ ಮಾಡುತ್ತಾಳೆ. ಅಲ್ಲದೆ ಗುಡ್ಡ ಹೊರಡುವುದಿದ್ದರೆ ನಾವು ಇಳಿಯುವ ಮೂರು ನಾಲ್ಕು ತಾಸಿನಲ್ಲೂ ಹೊರಡಬಹುದು. ಅರ್ಧ ತಾಸಿನಿಂದ ಕೆಡುವುದು ಹೆಚ್ಚೇನಿಲ್ಲ.

“ಟೀಚರ್, ಮೇಲೇ ಹೋಗೋಣ,” ಎಂದೆ. “ಕೆಳಗೆ ಹೂವಕ್ಕ ಇದ್ದಾಳೆ.”

ಅವರು ನನ್ನ ಮುಖ ನೋಡಿದರು. “ಖರೇನ?”

“ಖರೇನೆ,” ಎಂದೆ, ಅವರ ಮಾತಿನಲ್ಲೇ.

ಒರತೆ ಇರುವುದು ಒಂದು ಕರಿಬಂಡೆಯ ಬುಡದಲ್ಲಿ. ಜರಿಗಿಡಗಳನ್ನು ಬೆತ್ತದಿಂದ ಸರಿಸಿ ತೋರಿಸಿದೆ. ಊಟದ ತಟ್ಟೆಯಷ್ಟಗಲದ ನೀರು. ತಳದಲ್ಲಿ ಸಣ್ಣ ಮರಳು, ಆ ಮರಳು ಮಾತ್ರ ಒಂದು ಕಡೆ ಮೆಲ್ಲಗೆ ಮಿಸುಕುತ್ತಿತ್ತು. ಅಲ್ಲಿಂದ ಬೆರಳು ದಪ್ಪದ ನೀರು ಹೊರಟು ಹುಲ್ಲಿನೊಳಗೆ ಮರೆಯಾಗುತ್ತಿತ್ತು. ಇದನ್ನು ನೋಡಲು ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ “ಇಷ್ಟೇನಾ?” ಎನ್ನುತ್ತಾರೆ.

ಟೀಚರ್ ಬೆತ್ತ ಕೆಳಗಿಟ್ಟು, ನನ್ನ ಭುಜ ಹಿಡಿದು, ಆ ಕೆಟ್ಟ ಮೊಣಕಾಲುಗಳನ್ನು ಕಷ್ಟಪಟ್ಟು ಮಡಚಿ ಕೆಸರಿನಲ್ಲಿ ಕೂತರು. ಕನ್ನಡಕಕ್ಕೆ ಹಬೆ ಕವಿದಿತ್ತು. ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಅಳತಿ ಸರಿ ಐತಿ,” ಎಂದರು ಕೊನೆಗೆ. “ಚುಕ್ಕಿಯಷ್ಟ ಐತಿ. ನಮ್ಮೂರ ಮುಂದ ಇದು ಎಷ್ಟು ಅಗಲ ಆಗ್ತೈತಿ ಗೊತ್ತೇನು? ಹೊಳಿ ತುಂಬಿ ಪೂರ ಬಂದಾಗ ಆಕಡೆ ದಂಡಿ ಮ್ಯಾಲ ನಿಂತ ಎಮ್ಮಿ ಇರುವಿಯಂಗ ಕಾಣ್ತದ. ನಮ್ಮವ್ವ ಅದರಾಗ ಅರಬಿ ಒಗೀತಿದ್ಲು. ನಮ್ಮಪ್ಪನ್ನ ಅದರ ದಂಡಿ ಮ್ಯಾಲ ಮಣ್ಣು ಮಾಡೀವಿ. ಎಲ್ಲಾ ಇದ ನೀರು. ಇಷ್ಟ ನೀರು.”

ಬೊಗಸೆಯಲ್ಲಿ ತುಂಬಿಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಮುಟ್ಟಲಿಲ್ಲ. “ಬ್ಯಾಡ, ನಾ ಕೈ ಹಾಕಿದ್ರ ರಾಡಿ ಆಗ್ತೈತಿ. ಹೋಗಲಿ ಅದು, ದೂರದ ಹಾದಿ ಅದಕ್ಕ,” ಎಂದು, ನಾನು ಸರಿಸಿದ್ದ ಜರಿಗಿಡಗಳನ್ನು ಮೊದಲಿನಂತೆ ಅದರ ಮೇಲೆ ಬಾಗಿಸಿ ಎದ್ದರು.

ಇಳಿಯುವಾಗ ಮಂಜಿನೊಳಗೇ ಇಳಿದೆವು. ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು, ದಾರಿ ಕಾಲಿಗೆ ಸಿಕ್ಕಷ್ಟೇ ಸಿಕ್ಕಿತು ಎಂದುಕೊಂಡು. ಮಳೆ ಬಲವಾಯಿತು. ಟೀಚರ್ ಎರಡು ಸಲ ಜಾರಿ ಬಿದ್ದರು. ಎರಡನೆಯ ಸಲ ಏಳಲು ತುಂಬ ಹೊತ್ತು ಹಿಡಿಯಿತು. ಅವರ ಕೈ ಸಣ್ಣಗೆ ನಡುಗುವುದು ನನಗೆ ಗೊತ್ತಾಗುತ್ತಿತ್ತು. ರಕ್ತದ ಸಕ್ಕರೆ ಇಳಿದಿರಬೇಕೆಂದು ಉಳಿದ ರೊಟ್ಟಿಯ ಚೂರನ್ನೂ, ನನ್ನ ಚೀಲದಲ್ಲಿದ್ದ ಬೆಲ್ಲವನ್ನೂ ತಿನ್ನಿಸಿದೆ. ನಾವಿಬ್ಬರೂ ಒಂದು ಮಾತನ್ನು ಮಾತ್ರ ಆಡಲಿಲ್ಲ, ಕೆಳಗೆ ಏನಿರುತ್ತದೆ ಎಂಬ ಮಾತು. ಪ್ರತಿ ತಿರುವಿನಲ್ಲೂ ನನ್ನ ಕಿವಿ ಆಸ್ಪತ್ರೆಯ ಜನರೇಟರಿನ ಸದ್ದಿಗಾಗಿ ಕಾಯುತ್ತಿತ್ತು. ಮಳೆಯ ಸದ್ದಲ್ಲದೆ ಬೇರೇನೂ ಕೇಳಲಿಲ್ಲ.

ಐದು ಗಂಟೆಯಾಗಿರಬೇಕು. ಎಲ್ಲಿಂದಲೋ ಗಂಡಸಿನ ದನಿ ಕೇಳಿತು: “ಹೂವಕ್ಕಾ, ಇದೀರಾ?”

“ಇದ್ದೆ,” ಎಂದಿತು ಇನ್ನೊಂದು ದನಿ, ಬಹಳ ಹತ್ತಿರದಿಂದ.

ನಾವು ಹಳ್ಳದ ದಡಕ್ಕೆ ಬಂದಿದ್ದೆವು. ಬೆಳಿಗ್ಗೆ ನಾವು ದಾಟಿದ ಕಲ್ಲುಗಳೆಲ್ಲ ಮುಳುಗಿದ್ದವು. ಕೆಂಪು ನೀರಿನ ನಡುವೆ, ಸೊಂಟದವರೆಗೆ ಮುಳುಗಿ, ಹೂವಕ್ಕ ನಿಂತಿದ್ದಳು. ಕೊಡೆ ಇರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದಿತ್ತು. ಅದರ ಇನ್ನೊಂದು ತುದಿ ಮಂಜಿನೊಳಗೆ ಹೋಗಿತ್ತು. ಅದನ್ನು ಹಿಡಿದು ಆಚೆ ದಡದಲ್ಲಿ ಸಲೀಂ ಟೇಲರ್ ನಿಂತಿದ್ದಾನೆಂದು ಆಮೇಲೆ ತಿಳಿಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಊರ ದಡದಿಂದ ಗುಡ್ಡದ ಬುಡ ಕಾಣುತ್ತಿರಲಿಲ್ಲ. ಈಚೆ ದಡಕ್ಕೆ ಬಂದರೆ ಗುಡ್ಡದ ಮೇಲೆ ಕಾಲಿಟ್ಟಂತೆ, ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಜಾಗ ನೀರೊಂದೇ. ಮಧ್ಯಾಹ್ನ ಮಂಜು ಕವಿದ ಕೂಡಲೇ ಅವಳು ನೀರಿಗಿಳಿದು, ಗುಡ್ಡದ ಬುಡದ ಒಂದು ಬಿಳಿ ಮಚ್ಚೆಯ ಬಂಡೆಯ ಮೇಲೆ ಕಣ್ಣಿಟ್ಟು ನಿಂತವಳು, ನೀರು ಮೊಣಕಾಲಿನಿಂದ ಸೊಂಟಕ್ಕೆ ಏರಿದರೂ ಕದಲಿರಲಿಲ್ಲ. ಐದು ತಾಸು.

“ಹೂವಕ್ಕಾ!” ಎಂದು ಕೂಗಿದೆ.

ಅವಳು ನಮ್ಮ ಕಡೆ ತಿರುಗಲಿಲ್ಲ. ಕಣ್ಣು ಆ ಬಂಡೆಯ ಮೇಲೇ ಇತ್ತು. “ಮೊದ್ಲು ದಾಟಿ. ಮಾತು ಆಮೇಲೆ. ಅಮ್ಮಂಗೆ ಹಗ್ಗ ಹಿಡಿಸು.”

ನಾನು ಟೀಚರನ್ನು ಬಳಸಿ ಹಿಡಿದು ನೀರಿಗಿಳಿದೆ. ಹೂವಕ್ಕನನ್ನು ದಾಟುವಾಗ ಟೀಚರ್ ಒಂದು ಕೈ ಅವಳ ಹೆಗಲ ಮೇಲಿಟ್ಟರು. ಅವಳು ಆಗಲೂ ತಿರುಗಲಿಲ್ಲ, ನಮ್ಮಿಬ್ಬರನ್ನೂ ಸಲೀಂ ಎಳೆದು ದಡಕ್ಕೆ ಹಾಕಿ “ಬಂದ್ರು, ಇಬ್ಬರೂ ಬಂದ್ರು!” ಎಂದು ಕೂಗಿದ ಮೇಲೆಯೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ, ಬಂಡೆಯಿಂದ ಕಣ್ಣು ಕೀಳದೆ, ದಡಕ್ಕೆ ಬಂದಳು. ಬಂದು ಕಣ್ಣು ಮುಚ್ಚಿ ಕೆಸರಿನಲ್ಲೇ ಕೂತಳು.

ಅವಳ ಕಾಲುಗಳನ್ನು ನೋಡಿದೆ. ನೀರಿಗಿಳಿಯುವ ಮೊದಲು ಹತ್ತಿದ ಜಿಗಣೆಗಳು ತೊಡೆಯವರೆಗೂ ಏರಿ ದ್ರಾಕ್ಷಿಯಂತೆ ಉಬ್ಬಿ ನೇತಾಡುತ್ತಿದ್ದವು. ಕೆಳಗೆ ನೋಡಿದರೆ ಕಣ್ಣು ಕೀಳಬೇಕಾಗುತ್ತದಲ್ಲ, ಅದಕ್ಕೆ ಒಂದನ್ನೂ ಕಿತ್ತಿರಲಿಲ್ಲ. ಸುಣ್ಣಕ್ಕಾಗಿ ನಾನು ಚೀಲ ತಡಕುತ್ತಿದ್ದಾಗ ಗಾಳಿ ಬೀಸಿ ಮಂಜು ಒಂದಿಷ್ಟು ಹರಿಯಿತು. ಹಳ್ಳದಾಚೆ ಒರತೆಗುಡ್ಡ ಇರಲಿಲ್ಲ. ಬೋಳು ನೆತ್ತಿಯ ಯಾವುದೋ ಬೇರೆ ಗುಡ್ಡ, ಬೆಳಗಿನಿಂದಲೂ ತಾನೇ ಅಲ್ಲಿದ್ದಂತೆ ನಿಂತಿತ್ತು.

ಆ ಸಂಜೆ ಲಾಡ್ಜಿನಲ್ಲಿ ಟೀಚರ್ ಮೊದಲು ತಮ್ಮ ಸೂಜಿ ಚುಚ್ಚಿಕೊಂಡರು, ಎರಡು ತುತ್ತು ಉಂಡರು. ಆಮೇಲೆ ಬಿಸಿನೀರು ತರಿಸಿ, ಹೂವಕ್ಕ ಎಷ್ಟು ಬೇಡವೆಂದರೂ ಕೇಳದೆ, ಅವಳ ಕಾಲು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗಾಯ ತೊಳೆದರು. ಅವಳ ಕಣ್ಣುಗಳು ಕೆಂಡವಾಗಿ ಊದಿಕೊಂಡಿದ್ದವು. ತಣ್ಣೀರ ಬಟ್ಟೆ ಹಾಕಿದರು.

“ಅಕ್ಕಾ, ಅಷ್ಟೊತ್ತು ಏನು ವಿಚಾರ ಮಾಡ್ತಿದ್ದಿ?” ಎಂದು ಕೇಳಿದರು.

“ಎಂತ ವಿಚಾರ? ಕಲ್ಲು ನೋಡ್ತಿದ್ದೆ,” ಎಂದಳು ಹೂವಕ್ಕ. ಸ್ವಲ್ಪ ತಡೆದು, ಬಟ್ಟೆಯ ಕೆಳಗಿನಿಂದಲೇ, “ನೀರು ಚೆಂದ ಇತ್ತಾ ಅಮ್ಮ? ನಾನು ಹತ್ತಿದ್ದಿಲ್ಲ ಒಂದು ಸಲನೂ. ಯಾವಾಗ್ಲೂ ಹಿಡಿಯೋದೇ ಆಯ್ತು,” ಎಂದಳು.

ನನಗೆ ಅದು ಗೊತ್ತೇ ಇರಲಿಲ್ಲ. ಟೀಚರ್ ಕೈ ನಿಂತುಹೋಯಿತು. ಆಮೇಲೆ ಅವರು ಮೆಲ್ಲಗೆ, ತರಗತಿಯಲ್ಲಿ ಪಾಠ ಹೇಳುವಂತೆ, ಬಂಡೆಯಿಂದ ಶುರು ಮಾಡಿ, ಜರಿಗಿಡ, ಮರಳು, ಮಿಸುಕುವ ನೀರು, ಎಲ್ಲವನ್ನೂ ಒಂದು ಬಿಡದೆ ಅವಳಿಗೆ ಹೇಳಿದರು. ಹೂವಕ್ಕ ಬಟ್ಟೆ ತೆಗೆಯದೆ ಕೇಳಿಸಿಕೊಂಡಳು.

ಮರುದಿನ ಎಂಟೂಕಾಲಕ್ಕೆ ಅವರ ಬಸ್ಸು. ಅವರೂರ ಕಡೆಗೆ ದಿನಕ್ಕೆ ಇರುವುದು ಅದೊಂದೇ. ನಾನು ಬೀಳ್ಕೊಡಲು ಹೋದಾಗ ಟೀಚರ್ ನಿಲ್ದಾಣದ ಬೆಂಚಿನ ಮೇಲೆ ಸಾಮಾನು ಇಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಹೈಸ್ಕೂಲಿನ ಜವಾನ ಓಡಿ ಬಂದ. ಮುಚ್ಚಿಲಗುಡ್ಡ ಪೆಟ್ರೋಲ್ ಬಂಕಿನ ಹಿಂದೆ ಬಂದು ನಿಂತಿದೆ, ಅದರ ಮೇಲಿನ ಹಳ್ಳಿಯ ಮೂರು ಹುಡುಗಿಯರಿಗೆ ಇವತ್ತು ಹತ್ತನೇ ತರಗತಿಯ ಗಣಿತದ ಪೂರಕ ಪರೀಕ್ಷೆ, ಇಳಿದು ಬರುತ್ತಿದ್ದಾರೆ, ಪರೀಕ್ಷೆ ಮುಗಿಸಿ ಅವರು ಮನೆ ಸೇರುವವರೆಗೆ ಗುಡ್ಡ ಹಿಡಿಯಬೇಕು, ಯಾರಿದ್ದೀರಿ? ಹೂವಕ್ಕನಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಸಲೀಂ ಜ್ವರದಿಂದ ಮಲಗಿದ್ದ. ನಾನು ಕೋಣೆಗೆ ಬೀಗ ಹಾಕಿ ಬಂದು ಬೆಂಚಿನ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತೆ. ನನ್ನ ಅರ್ಧ ಗಂಟೆಯ ಮನಸ್ಸು ನನಗೆ ಗೊತ್ತಿತ್ತು. ಆದರೆ ಬೇರೆ ಯಾರಿದ್ದರು?

“ಸರಿ ಅತ್ಲಾಗ,” ಎಂದರು ಟೀಚರ್.

“ಬೇಡ ಟೀಚರ್, ಬಸ್ ಹೊರಡುತ್ತೆ.”

“ಹೊರಡಲಿ. ನೀ ಹೋಗಿ ಫೋನ್ ಎತ್ತು, ಅದು ನಿನ್ನ ಕೆಲಸ.” ಬೆತ್ತವನ್ನು ಎರಡು ಕಾಲುಗಳ ನಡುವೆ ಊರಿ, ಅದರ ಮೇಲೆ ಎರಡೂ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು. “ಮೂವತ್ನಾಕು ವರ್ಷ ಪರೀಕ್ಷಾ ಹಾಲಿನ್ಯಾಗ ಮೂರು ಮೂರು ತಾಸು ಕಣ್ಣು ಮಿಟಕಸದ ಕುಂತಾಕಿ ನಾ. ಒಂದು ಚೀಟಿ ಅಳ್ಳಾಡಿಲ್ಲ. ಇದೇನು ಅಳ್ಳಾಡ್ತೈತಿ ನೋಡ್ತೀನಿ.”

ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಟೀಚರ್ ತಿರುಗದೆ, ಒಂದು ಕೈ ಎತ್ತಿ ಹೋಗೆಂದು ಬೀಸಿದರು. ಬಸ್ಸು ಹೊರಟಿತು. ಒಂಬತ್ತರ ಹೊತ್ತಿಗೆ ಮೂರು ಹುಡುಗಿಯರು ಕೊಡೆ ಹಿಡಿದು, ಲಂಗ ಎತ್ತಿಕಟ್ಟಿ, ಕೆಸರು ಹಾರಿಸುತ್ತ ಇಳಿದು ಬಂದರು. ಬೆಂಚಿನ ಮೇಲೆ ಕೂತು ತಮ್ಮ ಗುಡ್ಡ ಹಿಡಿದಿರುವ ಅಪರಿಚಿತ ಹೆಂಗಸನ್ನು ಕಂಡು ಹಿಂಜರಿಯುತ್ತ ನಿಂತರು.

“ಗಣಿತ ಹೌದಲ್ಲೊ?” ಎಂದರು ಟೀಚರ್, ಕಣ್ಣು ಕದಲಿಸದೆ.

“ಹೌದು ಮಿಸ್.”

“ಬರೋ ಲೆಕ್ಕ ಮೊದಲ ಮಾಡ್ರಿ. ಬರಲಾರದ್ದು ಕಡೀಕ. ಗಡಿಬಿಡಿ ಮಾಡಬ್ಯಾಡ್ರಿ, ಟೈಮ್ ಬೇಕಾದಷ್ಟು ಐತಿ. ನಾ ಇಲ್ಲೇ ಕುಂತೀನಿ.”